ಕೂಸಿನ ಹೆಸರು: ‘ಅನಯಾ’ ಇಡಬಹುದಾ?

ಕೇಳಿದವರು, ಕೊಪ್ಪಳ: ಮುಂದಿನ ವಾರ ಮಗಳ ತೊಟ್ಟಿಲು ಕಾರ್ಯ ಐತಿ. ಕೃತ್ತಿಕಾ ನಕ್ಷತ್ರ. ಒಂದನೇ ಪಾದ ಮುಗಿದು ಎರಡನೇದು ಹಿಡಿಯೋ ಹೊತ್ತು, ‘ಅ’ ಇಲ್ಲಾ ‘ಇ’ ಅಂದಾರ. ಪಟ್ಟಿಯಲ್ಲಿ ಅನಯಾ, ಇರಾ, ಆದ್ಯಾ ಅದಾವು. ಅತ್ತೆಯವರಿಗೆ ಹುಲಿಗೆಮ್ಮನ ಹೆಸರೇ ಬೇಕು. ಅರ್ಥ ನೋಡಿದರೆ ಒಂದೊಂದು ಕಡೆ ಒಂದೊಂದು ಬರೆದಾರ. ತಿಳಿದವರು ಹೇಳ್ರಿ.

ಕನ್ನಡ ಮಾಸ್ತರು, ಲಿಂಗಸುಗೂರು: ತಂಗಿ, ‘ಅನಯಾ’ ಬಿಟ್ಟುಬಿಡು. ಸಂಸ್ಕೃತದಲ್ಲಿ ‘ನಯ’ ಅಂದರೆ ನೀತಿ, ಒಳ್ಳೆಯ ನಡೆ. ಮುಂದೆ ‘ಅ’ ಸೇರಿದರೆ ಅದು ಇಲ್ಲದ್ದು. ನ್ಯಾಯ–ಅನ್ಯಾಯ ಇದ್ದ ಹಾಗೆ. ನಿಘಂಟಿನಲ್ಲಿ ‘ಅನಯ’ಕ್ಕೆ ಕೆಟ್ಟ ನಡತೆ, ಆಪತ್ತು ಅಂತಲೇ ಇದೆ. ಹೀಬ್ರೂವಿನ ‘ಅನಾಯಾ’ಕ್ಕೆ ‘ದೇವರು ಓಗೊಟ್ಟ’ ಅನ್ನೋ ಅರ್ಥ ನಿಜ, ಆದರೆ ಬೈಬಲಿನಲ್ಲಿ ಅದು ಗಂಡಸಿನ ಹೆಸರು. ಈ ಎರಡನ್ನೂ ಕಲಸಿದ್ದರಿಂದಲೇ ಒಂದೊಂದು ಕಡೆ ಒಂದೊಂದು ಅರ್ಥ ಕಾಣ್ತಾವ. ಆ ನಾದವೇ ಬೇಕಿದ್ದರೆ ಅರಬ್ಬಿಯ ‘ಇನಾಯಾ’ ಇದೆ, ಕಾಳಜಿ ಅಂತ ಅರ್ಥ. ನಮ್ಮ ಕಡೆ ಉರ್ದುವಿನಲ್ಲಿ ಕೇಳೋ ‘ಇನಾಯತ್’ ಅದೇ ಮಾತು. ‘ಇ’ ಅಕ್ಷರಕ್ಕೂ ಕೂಡಿ ಬರ್ತದ.

‘ಆದ್ಯಾ’ ಚಲೋ ಐತಿ, ಮೊದಲಿನವಳು ಅಂತ. ಅಲ್ಪಪ್ರಾಣದ ‘ದ’ನೇ ಬರೀಬೇಕು. ‘ಆಧ್ಯಾ’ ಅಂತ ಬರೆದರೆ ‘ಆದಿ’ಯ ನಂಟು ಕಡೀತದ. ‘ಇರಾ’ ಸಂಸ್ಕೃತದ ಹಳೆಯ ಪದ. ನೀರು, ಭೂಮಿ, ಮಾತು ಮೂರೂ ಅರ್ಥ ಉಂಟು. ಹೀಬ್ರೂವಿನಲ್ಲಿ ಇದೂ ಗಂಡು ಹೆಸರು.

ಗಂಡು ಕೂಸಿನವರು ‘ಆರವ್’ ಬಗ್ಗೆಯೂ ಕೇಳ್ತಾರ. ಶಾಂತ ಅಂತ ಎಲ್ಲಾ ಕಡೆ ಬರೆದಾರ. ‘ರವ’ ಅಂದರೆ ಸದ್ದು, ‘ನೀರವ’ ಅಂದರೆ ಸದ್ದಿಲ್ಲದ್ದು. ‘ಆರವ’ ಅಂದರೆ ಕೂಗು. ಯಾವ ಹೆಸರಾದರೂ ಮೊದಲು ಬಿಡಿಸಿ ನೋಡ್ರಿ, ಎಲ್ಲಿಂದ ಬಂತೋ ಆ ಭಾಷೆಯ ನಿಘಂಟಿನಲ್ಲೇ ಹುಡುಕ್ರಿ. ಒಂದು ಹೆಸರು ನಾಲ್ಕು ಭಾಷೆಯಲ್ಲಿ ಇದ್ದರೆ ನಾಲ್ಕೂ ಬೇರೆ ಬೇರೆ ಪದ ಇರಬಹುದು.

ಗಂಗಾವತಿ: ಅತ್ತೆಯವರ ಮಾತು ತಳ್ಳಿಹಾಕಬ್ಯಾಡ್ರಿ ಅಕ್ಕಾರ. ನಮ್ಮ ಭಾಗದ ಹೆಸರುಗಳಲ್ಲಿ ಊರೇ ಕೂತಿರ್ತದ. ಹುಲಿಗಿಯ ಅಮ್ಮ ಹುಲಿಗೆಮ್ಮ, ಕೊಪ್ಪಳ ಗವಿಮಠದಿಂದ ಗವಿಸಿದ್ದಪ್ಪ, ಗುರುಗುಂಟಾ ಅಮರೇಶ್ವರನಿಂದ ಅಮರೇಶ. ಪಂಪಾ ಅನ್ನೋದು ತುಂಗಭದ್ರೆಯ ಹಳೇ ಹೆಸರು. ‘ಪಾಲು’ ಹೋಗಿ ‘ಹಾಲು’ ಆದಂತೆ ಪಂಪೆ ಹಂಪೆ ಆತು, ಅದರಿಂದ ಹಂಪಮ್ಮ, ಹಂಪಣ್ಣ. ತೊಟ್ಟಿಲಲ್ಲಿ ಹಾಕಿದಾಗ ಸೋದರತ್ತೆ ಕಿವಿಯಲ್ಲಿ ಮೊದಲು ‘ಹುಲಿಗೆಮ್ಮ’ ಅಂತ ಹೇಳಲಿ, ಆಮೇಲೆ ಕರೆಯೋ ಹೆಸರು. ದಾಖಲೆಗೆ ಮಾತ್ರ ಒಂದೇ ಇರಲಿ.

ರಾಯಚೂರು: ಹಿರೇರ ಹೆಸರು ಒರಟು ಅಂತ ನಾಚೋ ಮುಂಚೆ ಹುಟ್ಟಿದ ಕಾರಣ ತಿಳ್ಕೊಳ್ರಿ. ಕೂಸು ಉಳೀದ ಮನೆಯಲ್ಲಿ ಮುಂದಿನದನ್ನ ತಿಪ್ಪೆ ಮೇಲೆ ಒಂದು ಗಳಿಗೆ ಮಲಗಿಸಿ ಎತ್ತಿಕೊಂಡು ತಿಪ್ಪಣ್ಣ, ತಿಪ್ಪಮ್ಮ ಅಂದರು. ಯಾರಿಗೂ ಬೇಡಾದ್ದನ್ನ ಸಾವೂ ಮುಟ್ಟೋದಿಲ್ಲ ಅನ್ನೋ ನಂಬಿಕೆ. ಚೀನಾದ ಹಳ್ಳಿಗಳಲ್ಲಿ ‘ಗೌಶೆಂಗ್’ ಅಂತಾರ, ನಾಯಿ ತಿಂದು ಬಿಟ್ಟದ್ದು ಅಂತ. ನೈಜೀರಿಯಾದ ಯೊರುಬಾ ಜನ ‘ದುರೊಜಾಯೆ’ ಅಂತ ಇಡ್ತಾರ, ಇದ್ದು ಬಾಳು ಅಂತ. ಮೂರರಲ್ಲೂ ತಾಯಿಯ ಒಂದೇ ಅಂಜಿಕೆ. ಮುದಗಲ್ ಮೊಹರಂಗೆ ಹರಕೆ ಹೊತ್ತವರ ಮನೆಯಲ್ಲಿ ಹುಸೇನಪ್ಪ, ಹುಸೇನಮ್ಮ ಸಿಗ್ತಾರ. ‘ಹಸನ್’ ಅಂದರೆ ಚೆಲುವ, ‘ಹುಸೇನ್’ ಅದರ ಮುದ್ದಿನ ರೂಪ. ಅದಕ್ಕೆ ನಮ್ಮ ‘ಅಪ್ಪ’ ಕೂಡಿತು.

ಪಂಚಾಂಗ ನೋಡುವವರು, ಸಿರುಗುಪ್ಪ: 27 ನಕ್ಷತ್ರಕ್ಕೆ ನಾಲ್ಕು ಪಾದದಂತೆ 108 ಅಕ್ಷರ. ಕೃತ್ತಿಕಕ್ಕೆ ಅ, ಇ, ಉ, ಎ. ಒಂದು ಪಾದ ಸುಮಾರು 6 ತಾಸು. ಗಡಿಯಲ್ಲಿ ಹುಟ್ಟಿದ್ದರೆ ಆಸ್ಪತ್ರೆಯ ಚೀಟಿಯ ನಿಮಿಷ ನೋಡ್ರಿ, ನೆನಪಿನ ಮೇಲೆ ಹೇಳಬ್ಯಾಡ್ರಿ. ಒಂದನೇ ಪಾದ ಮೇಷ, ಮುಂದಿನ ಮೂರು ವೃಷಭ. ರಾಶಿಯೇ ಬದಲಾಗ್ತದ.

ದಾಖಲೆ ಕೆಲಸದವರು, ಬಳ್ಳಾರಿ: ಹೆಸರಿಗಾಗಿ ನೋಂದಣಿ ನಿಲ್ಲಿಸಬೇಡಿ. ಹುಟ್ಟಿದ 21 ದಿನದೊಳಗೆ ನೋಂದಣಿ ಆಗಬೇಕು, ಹೆಸರಿನ ಜಾಗ ಖಾಲಿ ಬಿಡಬಹುದು. 12 ತಿಂಗಳೊಳಗೆ ಸೇರಿಸಿದರೆ ಶುಲ್ಕ ಇಲ್ಲ. 2023ರ ಅಕ್ಟೋಬರ್ 1ರಿಂದ ಈಚೆಗೆ ಹುಟ್ಟಿದವರಿಗೆ ಶಾಲೆ, ಪಾಸ್‌ಪೋರ್ಟ್, ಮತದಾರರ ಪಟ್ಟಿ ಎಲ್ಲದಕ್ಕೂ ಹುಟ್ಟಿದ ದಿನದ ಪುರಾವೆ ಈ ನೋಂದಣಿಯಿಂದ ಸಿಗುವ ಜನನ ಪ್ರಮಾಣಪತ್ರವೇ. ಹಾಗಾಗಿ ಇಲ್ಲಿ ಬಿದ್ದ ಅಕ್ಷರ ಕಡೆಯವರೆಗೆ ಬರುತ್ತದೆ.

‘ಇರಾ’ ಇಡುವುದಾದರೆ ಇಂಗ್ಲಿಷ್ ಸ್ಪೆಲಿಂಗ್ ಮೊದಲೇ ಗಟ್ಟಿ ಮಾಡಿ. ಐ, ಆರ್, ಎ ಅಂತ ಬರೆದರೆ ‘ಐರಾ’ ಎಂದು ಓದುವವರು ಬಹಳ. ಕಾಗದದ ಮೇಲೆ ಕನ್ನಡ, ಇಂಗ್ಲಿಷ್ ಎರಡರಲ್ಲೂ ದೊಡ್ಡದಾಗಿ ಬರೆದು ಅರ್ಜಿಗೆ ಹಚ್ಚಿ ಕೊಡಿ, ಬಾಯಲ್ಲಿ ಹೇಳಿ ಬರಬೇಡಿ. ತಂದೆ ತಾಯಿ ಹೆಸರು ನಿಮ್ಮ ಆಧಾರ್‌ನಲ್ಲಿ ಇದ್ದಂತೆಯೇ ಇರಲಿ. ಮುದ್ರಣಕ್ಕೆ ಮುಂಚೆ ಪರದೆ ತೋರಿಸಲು ಕೇಳಿ, ದೀರ್ಘ, ಒತ್ತಕ್ಷರ ಒಂದೊಂದೇ ಓದಿ.