ನೀರಾಗ ಇಳಿದ್ರ ಆರೋ ಬ್ಯಾಟರಿ: ಅನುಭವ ಇದ್ದವರು ಹೇಳ್ರಿ

ಬಾಗಲಕೋಟೆಯಿಂದ, ಕೇಳಿದವರು:
ಕೃಷ್ಣಾ ಹಿನ್ನೀರಿನ ದಂಡಿಗೆ ನಮ್ಮ ಪಂಪ್‌ಸೆಟ್ ಐತ್ರಿ. ನೀರಾಗಿನ ಪೈಪಿನ ಬುಡದ ಫುಟ್‌ವಾಲ್ವಿಗೆ ಜೊಂಡು, ಹರಕ ಬಲಿ ಸಿಕ್ಕಾಗ ನಾನೇ ಮುಳುಗಿ ತಗೀತೀನಿ. ಅದಕ್ಕಂತ ಡೈವಿಂಗ್ ಮಾಡೋರ ಬ್ಯಾಟರಿ, ಅಂದ್ರ ಟಾರ್ಚು, ಒಂದು ತರಿಸಿದ್ದೆ. ಒಳಗ ಚಾರ್ಜ್ ಮಾಡೋ 18650 ಲಿಥಿಯಂ ಸೆಲ್ಲು ಒಂದೇ, ಹೊರಗ ಸರಿಸೋ ಮ್ಯಾಗ್ನೆಟ್ ಸ್ವಿಚ್ಚು. ದಂಡಿ ಮ್ಯಾಲೆ ಚಂದ ಹತ್ತತೈತಿ. ಹದಿನೈದು ಅಡಿ ಕೆಳಗ ಕೆಲಸಕ್ಕ ಕೈ ಹಚ್ಚೋದ್ರಾಗ ಮಿಣಕ್ ಮಿಣಕ್ ಅಂದು ಆರತೈತಿ. ಮ್ಯಾಲೆ ಬಂದು ಒಂದು ಚಾ ಕುಡಿಯೋದ್ರಾಗ ಮತ್ತ ಹತ್ತತೈತಿ! ನೀರು ಹೊಕ್ಕೈತೋ, ಸರ್ಕೀಟ್ ಹೋಗೈತೋ?

ಬೀಳಗಿಯಿಂದ:
ತಮ್ಮಾ, ಮೊದಲ ಮುಚ್ಚಳ ತಗದು ನೋಡು. ಮಾರಿ ಕಡೆ ಹಿಡಕೊಂಡು ಮಾತ್ರ ತಗೀಬ್ಯಾಡ. ನೀರು ಹೊಕ್ಕು ಸೆಲ್ಲು ಕೆಟ್ಟಿದ್ರ ಒಳಗ ಅನಿಲ ತುಂಬಿರತೈತಿ, ಮುಚ್ಚಳ ಚಿಮ್ಮಿ ಬರತೈತಿ. ಸ್ಪ್ರಿಂಗಿನ ಮ್ಯಾಲೆ ಹಸರ ಇಲ್ಲಾ ಬಿಳಿ ಪುಡಿ ಕಂಡ್ರ ನೀರು ಹೊಕ್ಕಿದ್ದು ಖರೆ. ತೊಯ್ದ ಸೆಲ್ಲು ಒಣಗಿಸಿ ಚಾರ್ಜಿಗೆ ಹಾಕೋ ಶಾಣ್ಯಾತನ ಬ್ಯಾಡ.

ಎಲ್ಲಾ ಒಣಾ ಇದ್ರೂ ವಾಷರ್ ನೋಡು, ಅದೇ ಓ-ರಿಂಗ್. ಒಂದು ಕೂದಲ ಎಳಿ, ಒಂದು ಹಳ್ಳ ಉಸುಕು ಸಾಕು ನೀರು ದಾರಿ ಮಾಡಾಕ. ಒರೆಸಿ, ಬಾಕ್ಸಿನಾಗ ಕೊಟ್ಟಿದ್ದ ಗ್ರೀಸ್ ಹೊಳೆಯೋವಷ್ಟೇ ಸವರು, ಮೆತ್ತಬ್ಯಾಡ. ಗ್ರೀಸ್ ಇಲ್ಲಂತ ನಾ ಒಮ್ಮೆ ಕೊಬ್ರಿ ಎಣ್ಣಿ ಹಚ್ಚಿದ್ದೆ. ವಾಷರ್ ಉಬ್ಬಿ ತನ್ನ ಕಚ್ಚಿನಾಗ ಕೂಡಲೇ ಇಲ್ಲ.

ಆಮ್ಯಾಲೆ ಬಾವಿ ಪರೀಕ್ಷಾ. ಸೆಲ್ಲು ತಗದು ಆ ಜಾಗಾದಾಗ ಟಿಶ್ಯೂ ಪೇಪರ್ ಸುತ್ತಿ ಇಡು. ಮುಚ್ಚಳ ಬಿಗಿ ಮಾಡಿ, ಕಲ್ಲು ಕಟ್ಟಿ, ಹಗ್ಗದಲೆ ಬಾವಿಗೆ ಬಿಡು. ಬಕೆಟ್ಟಿನಾಗ ಮುಳುಗಿಸಿದ್ರ ಏನೂ ಗೊತ್ತಾಗೂದಿಲ್ಲ, ಯಾಕಂದ್ರ ಒತ್ತಡ ಬೀಳಬೇಕು. ಮೂವತ್ಮೂರು ಅಡಿ ನೀರಿನ ಭಾರ ಅಂದ್ರ ನಮ್ಮ ಮ್ಯಾಲಿನ ಗಾಳಿಯಷ್ಟೇ ಇನ್ನೊಂದು ಭಾರ. ಅರ್ಧ ತಾಸು ಬಿಟ್ಟು ಎಳಿ. ಪೇಪರ್ ಒಣಾ ಇದ್ರ ವಾಷರಿನ ತಂಟೆ ಇಲ್ಲ.

ಮುಧೋಳದಿಂದ:
ಬಾಕ್ಸಿನ ಮ್ಯಾಲೆ ನೀರು ತಡಿಯೋ ದರ್ಜೆ ಐಪಿಎಕ್ಸ್7 ಅಂತ ಬರದಿತ್ತಂದ್ರ ಅದು ಒಂದು ಮೀಟರ್ ನೀರಾಗ ಅರ್ಧ ತಾಸಿನ ಲೆಕ್ಕ. ಮಳಿಯಾಗ ಎಮ್ಮಿ ಹುಡಕಾಕ ಸಾಕು, ಹೊಳಿಗೆ ಅಲ್ಲ.

ಬೆಳಗಾವಿಯಿಂದ, ರಿಪೇರಿ ಮಾಡೋರು:
ಬೀಳಗಿ ಕಾಕಾರು ಹೇಳಿದ್ದು ಮಾಡ್ರಿ, ಆದ್ರ ನನಗ ನೀರಿನ ಸಂಶಯ ಕಡಿಮಿ. ನೀರು ಹೊಕ್ಕ ಬ್ಯಾಟರಿ ಚಾ ಕುಡಿಯೋದ್ರಾಗ ಹುಷಾರಾಗೂದಿಲ್ಲ. ಒಂದು ಮಾತು ಹೇಳ್ರಿ: ಹದಿನೈದು ಅಡಿಗೆ ಆರತೈತೋ, ಹತ್ತು ನಿಮಿಷಕ್ಕ ಆರತೈತೋ? ನೀವು ಆಳ ನೋಡೀರಿ, ಗಡಿಯಾರ ನೋಡಿಲ್ಲ. ದಂಡಿ ಮ್ಯಾಲೆ ಎಷ್ಟೊತ್ತು ಹಚ್ಚಿ ನೋಡೀರಿ? ಕೈ ಸುಡತೈತಂತ ಎರಡು ನಿಮಿಷಕ್ಕ ಬಂದ್ ಮಾಡಿರ್ತೀರಿ.

ಸವೆದ ಸೆಲ್ಲು ಮಲ್ಟಿಮೀಟರಿಗೆ ಸುಳ್ಳು ಹೇಳತೈತಿ. ಖಾಲಿ ಕುಂತಾಗ 4.1 ವೋಲ್ಟ್ ತೋರಿಸಿ, ಲೈಟು ಕರೆಂಟ್ ಎಳದ ಕೂಡ್ಲೆ ಕುಸೀತೈತಿ. ಸರ್ಕೀಟ್ ಅದನ್ನ ನೋಡಿ ಬಂದ್ ಮಾಡತೈತಿ. ಸ್ವಲ್ಪ ದಣಿವಾರಿಸಿಕೊಂಡ್ರ ವೋಲ್ಟೇಜ್ ಏರತೈತಿ, ಮತ್ತ ಹತ್ತತೈತಿ. ಬಕೆಟ್ ನೀರಾಗ ಇಟ್ಟು, ಫುಲ್ ಬೆಳಕಿಗೆ ಹಚ್ಚಿ, ಟೈಮ್ ಹಿಡೀರಿ. ಸೆಲ್ಲಿನ ಉದ್ದಾನೂ ನೋಡ್ರಿ. ಬರೇ ಸೆಲ್ಲು 65 ಮಿಲಿಮೀಟರ್, ಪ್ರೊಟೆಕ್ಷನ್ ಅಂದ್ರ ಕಾಯೋ ಸಣ್ಣ ಸರ್ಕೀಟ್ ಇರೋದು ಮೂರ್ನಾಲ್ಕು ಮಿಲಿಮೀಟರ್ ಹೆಚ್ಚು. ಗಿಡ್ಡ ಸೆಲ್ಲು ಹಾಕಿದ್ರ ಅಲುಗಾಡಿ ಮಿಣಕತೈತಿ. ಸ್ವಿಚ್ಚಿನ ಸಂದ್ಯಾಗ ರಾಡಿ ಕುಂತಿದ್ರ ಅದೂ ಪೂರಾ ಸರಿಯೂದಿಲ್ಲ, ಹಲ್ಲುಜ್ಜೋ ಬ್ರಶ್‌ನಾಗ ತಿಕ್ಕ್ರಿ.

ವಿಜಯಪುರದಿಂದ:
ಮುರ್ಡೇಶ್ವರದ ಕಡೆ ನೇತ್ರಾಣಿ ದ್ವೀಪಕ್ಕ ಸ್ಕೂಬಾ ಡೈವಿಂಗಿಗೆ ಹೋಗಿದ್ದೆ. ನಮ್ಮನ್ನ ಕರಕೊಂಡು ಇಳಿದವರ ಕಡೆ ಎರಡು ಲೈಟು ಇದ್ದೂ. ನೀವು ಒಂದರ ಮ್ಯಾಲೆ ಇಳೀತೀರಿ, ಅದೂ ಕೈ ಕಾಣಲಾರದ ರಾಡಿ ನೀರಾಗ. ಇಳಿಯೋ ಮುಂದ ಮೋಟರಿನ ಫ್ಯೂಜ್ ಕಿತ್ತಿ ಕಿಸೆದಾಗ ಇಟ್ಟು, ಆ ಅಂಗಿ ದಂಡಿ ಮ್ಯಾಲೆ ಕುಂತವರ ಕೈಯಾಗ ಕೊಡ್ರಿ. ಯಾರೂ ಇಲ್ಲದಾಗ ಇಳೀಬ್ಯಾಡ್ರಿ. ಬ್ಯಾಟರಿ ಆಮ್ಯಾಲೆ ನೋಡೂಣು.

ಬಾಗಲಕೋಟೆಯಿಂದ, ಕೇಳಿದವರು:
ಬಾವಿಗೆ ಬಿಟ್ಟೆ, ಪೇಪರ್ ಒಣಾ ಬಂತು. ಬಕೆಟ್ಟಿನಾಗ ಹನ್ನೊಂದು ನಿಮಿಷಕ್ಕ ಆರ್ತು, ಬೆಳಗಾವಿ ಅಣ್ಣಾರ ಮಾತು ಖರೆ ಆತು. ಹೊಸಾ ಸೆಲ್ಲು ಹಾಕಿದ್ದಕ್ಕ ಮುಕ್ಕಾಲು ತಾಸು ಹತ್ತಿತು. ವಾಷರಿನಾಗ ಒಂದು ಉದ್ದನ ಕೂದಲಾ ಸಿಕ್ತು, ನಮ್ಮ ಮನಿಯವರದು. ಫ್ಯೂಜ್ ಈಗ ಅಪ್ಪಾರ ಕೈಯಾಗ ಕೊಟ್ಟು ಇಳೀತೀನಿ, ಅವರು ತಂಬಾಕ ಚೀಲದಾಗ ಹಾಕ್ಕೊಂಡು ಕುಂದರತಾರ.