ಅಪ್‌ಡೇಟ್: ಮೋಹನದ ಚಿಟ್ಟೆಸ್ವರದಲ್ಲಿ ಗ್ರಹಭೇದ

ಮೋಹನ ರಾಗದಲ್ಲಿ ನಾನು ಕಟ್ಟುತ್ತಿರುವ ಕೃತಿಯ ಚಿಟ್ಟೆಸ್ವರದಲ್ಲಿ (ಮೊದಲೇ ಕಟ್ಟಿಟ್ಟ ಸ್ವರಗಳ ಭಾಗ) ಗ್ರಹಭೇದ ಮಾಡಿ, ಅಂದರೆ ರಾಗದ ಬೇರೊಂದು ಸ್ವರವನ್ನು ಷಡ್ಜವೆಂದುಕೊಂಡು ಬೇರೆ ರಾಗ ಹುಟ್ಟಿಸಿ, ಗಾಂಧಾರವನ್ನೇ ಷಡ್ಜ ಮಾಡಿ ಹಿಂದೋಳ ರಾಗ ತೋರಿಸುವುದು ಹೇಗೆ ಅಂತ ಕೇಳಿದ್ದೆ. ಮೋಹನದ ಷಡ್ಜವನ್ನೇ ನುಡಿಯುತ್ತಿರುವ ತಂಬೂರಿಯನ್ನು ನಿಲ್ಲಿಸದೆ ಇದು ಆಗಬೇಕು ಅನ್ನುವುದು ನನ್ನ ಹಟ.

ಈಗ ಹಿಂದೋಳ ಕೈಬಿಟ್ಟು ಮಧ್ಯಮಾವತಿ ರಾಗ ಹಿಡಿದಿದ್ದೇನೆ. ಕಾರಣ ಇದು. 'ಗ ಪ ದ ಸ ರಿ ಗ' ಹಾಡಿದರೆ ಲೆಕ್ಕಕ್ಕೆ ಹಿಂದೋಳದ 'ಸ ಗ ಮ ದ ನಿ ಸ' ಸಿಗುತ್ತದೆ, ನಿಜ. ಆದರೆ ಹಿಂದೋಳದಲ್ಲಿ ಪಂಚಮವೇ ಇಲ್ಲ. ಹೊಸ ಷಡ್ಜಕ್ಕೆ ಆಸರೆ ಸಿಗದೆ ಕಿವಿ ಮತ್ತೆ ಮೋಹನಕ್ಕೇ ಓಡುತ್ತದೆ. ರಿಷಭವನ್ನು ಷಡ್ಜ ಮಾಡಿದರೆ 'ರಿ ಗ ಪ ದ ಸ ರಿ' ಮಧ್ಯಮಾವತಿಯ 'ಸ ರಿ ಮ ಪ ನಿ ಸ' ಆಗುತ್ತದೆ. ಇಲ್ಲಿ ಮೋಹನದ ಧೈವತವೇ ಪಂಚಮವಾಗಿ ನಿಲ್ಲುತ್ತದೆ.

ದೊಡ್ಡ ವ್ಯತ್ಯಾಸ ಮಾಡಿದ್ದು ಗಮಕ, ಅಂದರೆ ಸ್ವರವನ್ನು ಅಲುಗಿಸಿ, ಜಾರಿಸಿ ಹಾಡುವ ರೀತಿ. ಮಧ್ಯಮಾವತಿಯ ರಿಷಭಕ್ಕೂ ನಿಷಾದಕ್ಕೂ ಕಂಪಿತ (ಅಲುಗಾಟದ ಗಮಕ) ಬೇಕು. ಅಂದರೆ ಮೋಹನದ ಗಾಂಧಾರವನ್ನು ಅಲುಗಿಸಬೇಕು, ಷಡ್ಜವನ್ನೂ ಅಲುಗಿಸಬೇಕು! ಷಡ್ಜ ಅಲ್ಲಾಡಬಾರದ ಸ್ವರ ಅಲ್ವಾ? ಅದನ್ನು ಅಲ್ಲಾಡಿಸಿದ ಕೂಡಲೇ, ತಂಬೂರಿ ಅದೇ ಸ್ವರ ನುಡಿಯುತ್ತಿದ್ದರೂ, ಅದು ನಿಷಾದವಾಗಿ ಕೇಳಿಸಿತು. ನನಗೆ ಮೈ ಜುಮ್ಮೆಂದಿತು.

ಜೊತೆಗೆ ಪ್ರತಿ ಸಾಲನ್ನೂ ಮೋಹನದ ರಿಷಭದಲ್ಲೇ, ಅಂದರೆ ಹೊಸ ಷಡ್ಜದಲ್ಲೇ ಮುಗಿಸಿ, ಅಲ್ಲಿ ಉದ್ದ ಕಾರ್ವೆ (ಸ್ವರವನ್ನು ಹಿಡಿದು ನಿಲ್ಲಿಸುವುದು) ಕೊಟ್ಟೆ. ವಾಪಸ್ ಬರುವುದು ಸುಲಭ: ಮೋಹನದ ಷಡ್ಜವನ್ನು ಅಲುಗಿಸದೆ ಒಮ್ಮೆ ಹಿಡಿದರೆ ಸಾಕು, ಮೋಹನ ತಾನಾಗೇ ಬರುತ್ತದೆ. ಸಾಹಿತ್ಯ ಇನ್ನೂ ಬಾಕಿ ಇದೆ.