ಹದಿನೈದು ಸಾವಿರಕ್ಕೆ ಸೂಪರ್‌ಹೀರೋ ಕಾಮಿಕ್ಸೋ, ಮಾಂಗಾ ಸಂಪುಟಗಳೋ? ಕೊಂಡು ಓದಿದವರು ದಯವಿಟ್ಟು ತಿಳಿಸಿ

ಡೊಂಬಿವಲಿಯ ಅಪ್ಪ:
ಎಲ್ಲರಿಗೂ ನಮಸ್ಕಾರ. ಒಂಬತ್ತನೆಯ ತರಗತಿಯಲ್ಲಿರುವ ನನ್ನ ಮಗಳು ಗೆಳತಿಯರಿಂದ ಎರವಲು ತಂದು ಮಾಂಗಾ, ಅಂದರೆ ಜಪಾನಿನ ಚಿತ್ರಕಥೆಗಳನ್ನು ಓದುತ್ತಾಳೆ. ನಾನು ಹುಬ್ಬಳ್ಳಿಯಲ್ಲಿ ಇಂದ್ರಜಾಲ ಕಾಮಿಕ್ಸ್‌ನ ಫ್ಯಾಂಟಮ್, ಮ್ಯಾಂಡ್ರೇಕ್ ಓದಿ ಬೆಳೆದವನು. ಈಚಿನ ಸೂಪರ್‌ಹೀರೋ ಪುಸ್ತಕಗಳ ಬಗ್ಗೆಯೂ ನನಗೆ ಆಸೆಯಿದೆ. ದೀಪಾವಳಿ ಬೋನಸ್ಸಿನಲ್ಲಿ 15,000 ರೂಪಾಯಿ ಇದಕ್ಕೆಂದೇ ತೆಗೆದಿಟ್ಟಿದ್ದೇನೆ. ಮನೆ ಚಿಕ್ಕದು, ಪುಸ್ತಕಕ್ಕೆ ಸಿಗುವುದು ಕಪಾಟಿನ ಒಂದೇ ಅಂಕಣ. ಇಬ್ಬರೂ ಓದಬಹುದಾದದ್ದು ಯಾವುದು, ಮಳೆಗಾಲದಲ್ಲಿ ಕಾಪಾಡುವುದು ಹೇಗೆ ಎಂಬುದನ್ನು ತಿಳಿಸಿದರೆ ಉಪಕಾರವಾಗುತ್ತದೆ.

ಕಲೀನಾದ ಹಳೆಯ ಓದುಗ:
ನಾನು ಸೂಪರ್‌ಹೀರೋ ಕಾಮಿಕ್ಸ್‌ನ ಬಿಡಿ ಸಂಚಿಕೆಗಳನ್ನು ಕೊಳ್ಳಲು ಆರಂಭಿಸಿ ಇಪ್ಪತ್ತೈದು ವರ್ಷಗಳ ಮೇಲಾಯಿತು, ಇಂದಿಗೂ ನನ್ನ ಆಯ್ಕೆ ಅದೇ. ಮುಂಬಯಿಯ ಫ್ಲೋರಾ ಫೌಂಟನ್‌ನ ಫುಟ್‌ಪಾತಿನಲ್ಲಿ ಒಂದೊಂದಾಗಿ ಆರಿಸಿ ತಂದವು ಅವು. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನಕ್ಕೆ 944 ಮಿಲಿಮೀಟರ್ ಮಳೆ ಸುರಿದಾಗ ನಮ್ಮ ನೆಲಮಹಡಿಯ ಮನೆಯಲ್ಲಿ ಸೊಂಟದವರೆಗೆ ನೀರು ನಿಂತಿತು, ಮಂಚದ ಕೆಳಗಿನ ಮೂರು ಟ್ರಂಕುಗಳಲ್ಲಿ ನನ್ನ 412 ಸಂಚಿಕೆಗಳಿದ್ದವು. ನೀರು ಇಳಿದ ಮೇಲೆ ತೆಗೆದು ನೋಡಿದರೆ ನುಣುಪು ಕಾಗದದ ಹೊಸ ಸಂಚಿಕೆಗಳೆಲ್ಲ ಒಂದಕ್ಕೊಂದು ಅಂಟಿಕೊಂಡು ಇಟ್ಟಿಗೆಯಂತಾಗಿದ್ದವು. ಬೆರಳಿನಿಂದ ಬಿಡಿಸಲು ಹೋದರೆ ಎದುರು ಪುಟದ ಮುಖವೇ ಈ ಪುಟಕ್ಕೆ ಕಿತ್ತು ಬರುತ್ತಿತ್ತು. ಸುದ್ದಿಪತ್ರಿಕೆಯ ಕಾಗದದಲ್ಲಿ ಅಚ್ಚಾಗಿದ್ದ ಹಳೆಯವು ಮಾತ್ರ ಬಿಡಿಸಿಕೊಂಡವು, ಅವನ್ನು ಬಟ್ಟೆ ಒಣಗಿಸುವ ತಂತಿಗೆ ಕ್ಲಿಪ್ಪು ಹಾಕಿ ನೇತುಹಾಕಿದೆ. ಉಳಿದದ್ದು 61. ನನ್ನ ತಾಯಿ ಅಕ್ಕಿ ಡಬ್ಬ ಬಿಟ್ಟು ನನ್ನ ಟ್ರಂಕನ್ನು ಮೇಲೆತ್ತಲು ಹೋಗಿದ್ದರು ಎಂಬುದನ್ನು ನಾನು ಮರೆತಿಲ್ಲ.

ಮತ್ತೆ ಕೊಂಡೆ. ಆಲ್ ಯೂಯಿಂಗ್ ಬರೆದ ಇಮ್ಮಾರ್ಟಲ್ ಹಲ್ಕ್‌ನ 50 ಸಂಚಿಕೆಗಳು (2018ರಿಂದ 2021) ನನ್ನಲ್ಲಿ ಪೂರ್ಣವಾಗಿವೆ. ಈಚಿನದರಲ್ಲಿ ಹೇಳುವುದಾದರೆ 2024ರ ಅಕ್ಟೋಬರಿನಲ್ಲಿ ಆರಂಭವಾದ ಆಬ್ಸಲ್ಯೂಟ್ ಬ್ಯಾಟ್‌ಮ್ಯಾನ್ ಓದಲೇಬೇಕು. ಬರಹಗಾರ ಸ್ಕಾಟ್ ಸ್ನೈಡರ್ ಅಲ್ಲಿ ಬ್ಯಾಟ್‌ಮ್ಯಾನ್ ಆಗುವ ಬ್ರೂಸ್ ವೇನ್‌ನ ಕೈಯಿಂದ ಬಂಗಲೆಯನ್ನೂ ಕೋಟಿಗಳನ್ನೂ ಕಿತ್ತುಕೊಂಡಿದ್ದಾನೆ. ಅವನು ದುಡಿದು ತಿನ್ನುವ ಎಂಜಿನಿಯರ್, ತಂದೆ ಶಾಲಾ ಮಾಸ್ತರರಾಗಿದ್ದವರು, ತಾಯಿ ಬದುಕಿದ್ದಾಳೆ. ಚಿತ್ರಕಾರ ನಿಕ್ ಡ್ರಗೋಟಾ ಅವನನ್ನು ಪುಟದ ಚೌಕಟ್ಟಿನಲ್ಲಿ ಹಿಡಿಸಲಾರದಷ್ಟು ದಪ್ಪಕ್ಕೆ ಬರೆದಿದ್ದಾನೆ, ಎದೆಯ ಮೇಲಿನ ಬಾವಲಿಯ ಗುರುತೇ ಕಳಚಿ ಕೊಡಲಿಯಾಗುತ್ತದೆ. ದುಡ್ಡಿಲ್ಲದ ಬ್ಯಾಟ್‌ಮ್ಯಾನ್ ಹೇಗೆ ಬ್ಯಾಟ್‌ಮ್ಯಾನ್ ಆಗುತ್ತಾನೆ ಎಂಬ ಪ್ರಶ್ನೆಗೆ ಇಷ್ಟು ನೇರವಾದ ಉತ್ತರವನ್ನು ನಾನು ಬೇರೆಲ್ಲೂ ಓದಿಲ್ಲ.

ಆದರೆ ಖರ್ಚು ಹೇಳಿಬಿಡುತ್ತೇನೆ. ಅಮೆರಿಕದ ದೊಡ್ಡ ಕಾಮಿಕ್ಸ್ ವಿತರಣಾ ಸಂಸ್ಥೆಯೊಂದು 2025ರ ಜನವರಿಯಲ್ಲಿ ದಿವಾಳಿ ಅರ್ಜಿ ಹಾಕಿದ ನಂತರ, ನಾನು ಮುಂಗಡ ಕೊಟ್ಟಿದ್ದ ವ್ಯಾಪಾರಿಯೊಬ್ಬ 18,400 ರೂಪಾಯಿಯ ಮಾಲನ್ನು ಏಳು ತಿಂಗಳು ಕಾಯಿಸಿ, ಕೊನೆಗೆ ಮೂರನೆಯ ಸಂಚಿಕೆ ಇಲ್ಲದ ಕಟ್ಟನ್ನು ಕಳುಹಿಸಿದ. ಮೂಲೆ ಮಡಚಿದ್ದವು ಒಂಬತ್ತು. ಪ್ಲಾಸ್ಟಿಕ್ ಚೀಲ ಮತ್ತು ಆಮ್ಲರಹಿತ ರಟ್ಟಿಗೆ ಸಂಚಿಕೆಗೆ 22 ರೂಪಾಯಿಯಂತೆ ಬೇರೆ ತೆತ್ತಿದ್ದೇನೆ.

ಕೋಥ್ರೂಡಿನಿಂದ:
ಮೇಲಿನವರ ಪ್ರವಾಹದ ಕಥೆ ಓದಿ ನಿಜಕ್ಕೂ ಸಂಕಟವಾಯಿತು. ಆದರೆ ನಾಲ್ಕು ಡಾಲರ್ ಚಿಲ್ಲರೆ ಕೊಟ್ಟು ಇಪ್ಪತ್ತು ಚಿಲ್ಲರೆ ಪುಟಗಳನ್ನು ಕೊಳ್ಳುವುದು, ಅದೂ ಎಂದಿಗೂ ಮುಗಿಯದ ಕಥೆಗೆ, ನನಗೆ ಅರ್ಥವಾಗದ ಸಂಗತಿ. ಬ್ಯಾಟ್‌ಮ್ಯಾನ್ ಹುಟ್ಟಿದ್ದು 1939ರಲ್ಲಿ. ಅವನಿಗೆ ಮುಪ್ಪಿಲ್ಲ, ಸತ್ತವರು ಮರಳಿ ಬರುತ್ತಾರೆ, ಹೊಸ ಬರಹಗಾರ ಬಂದಾಗಲೆಲ್ಲ ಹಳೆಯದನ್ನು ಒರೆಸಿ ಒಂದನೆಯ ಸಂಚಿಕೆಯಿಂದ ಆರಂಭಿಸುತ್ತಾರೆ. ಮಾಂಗಾದಲ್ಲಿ ಒಬ್ಬರೇ ಬರೆಯುತ್ತಾರೆ, ಒಬ್ಬರೇ ಮುಗಿಸುತ್ತಾರೆ.

ನನ್ನ ಲೆಕ್ಕ ಹೀಗಿದೆ. ಡೀಮನ್ ಸ್ಲೇಯರ್ 23 ಸಂಪುಟಗಳು, ಸರಾಸರಿ 430 ರೂಪಾಯಿಯಂತೆ 9,890. ಜುಜುತ್ಸು ಕೈಸೆನ್‌ನ ಸಂಪುಟಗಳನ್ನು ಕಚೇರಿಯ ಕ್ಯಾಂಟೀನ್ ಬಿಟ್ಟು ಡಬ್ಬಿ ಒಯ್ದು ಉಳಿಸಿದ ದುಡ್ಡಿನಲ್ಲಿ ಕೊಂಡೆ. ಕಥೆ 2024ರ ಸೆಪ್ಟೆಂಬರಿನಲ್ಲಿ ಮುಗಿದಾಗ ನನಗೆ ತೃಪ್ತಿಯಾಗಲಿಲ್ಲ ಎಂಬುದನ್ನು ಪ್ರಾಮಾಣಿಕವಾಗಿ ಹೇಳುತ್ತೇನೆ: ಟೋಕಿಯೋದ ಶಿಬುಯಾದಲ್ಲಿ ನಡೆಯುವ ಭಾಗದಲ್ಲಿ ಹೊಡೆದಾಟದ ನಡುವೆಯೂ ಯಾರು ಯಾಕೆ ಸಾಯುತ್ತಿದ್ದಾರೆಂದು ಎದೆಗೆ ತಟ್ಟುತ್ತಿತ್ತು, ಕೊನೆಯ ಸಂಪುಟಗಳಲ್ಲಿ ತಂತ್ರಗಳ ವಿವರಣೆಯೇ ಹೆಚ್ಚಾಯಿತು. ಆದರೂ ಮುಗಿಯಿತಲ್ಲ!

ಮೋಸಹೋದದ್ದನ್ನೂ ಹೇಳುತ್ತೇನೆ, ಏಕೆಂದರೆ ಇದು ಎಲ್ಲರಿಗೂ ಆಗಬಹುದು. ಚೈನ್‌ಸಾ ಮ್ಯಾನ್ ಮೊದಲ ಭಾಗದ 11 ಸಂಪುಟಗಳನ್ನು ಆನ್‌ಲೈನ್ ಮಾರಾಟಗಾರನೊಬ್ಬ 2,200ಕ್ಕೆ ಕೊಟ್ಟಾಗ ಹಿಗ್ಗಿ ಕೊಂಡೆ. ನಕಲಿ. ಪುಟದ ಒಳಅಂಚನ್ನು ಕತ್ತರಿಸಿದ್ದರಿಂದ ಮಾತಿನ ಗುಳ್ಳೆಗಳು ಅರ್ಧ ಬೈಂಡಿನೊಳಗೆ ಮುಳುಗಿದ್ದವು. ಚುಕ್ಕೆಗಳಿಂದ ಮಾಡಿದ ಬೂದು ಛಾಯೆ ಇರಬೇಕಾದಲ್ಲೆಲ್ಲ ಮಸಿ ಚೆಲ್ಲಿದ ಹಾಗೆ ಕಪ್ಪು. ಆರನೆಯ ಸಂಪುಟದಲ್ಲಿ 16 ಪುಟಗಳು ಎರಡು ಸಲ ಬಂದು ಮುಂದಿನ 16 ಇರಲೇ ಇಲ್ಲ. ಎರಡನೆಯ ಓದಿಗೆ ಗೋಂದು ಬಿಟ್ಟು ಹಾಳೆಗಳು ಇಸ್ಪೀಟೆಲೆಗಳಂತೆ ಉದುರಿದವು. ಹನ್ನೊಂದು ಸಲ ಈಮೇಲ್ ಬರೆದರೂ ದುಡ್ಡು ಬರಲಿಲ್ಲ. ಪುಣೆಯ ಅಪ್ಪಾ ಬಳವಂತ ಚೌಕದ ಪರಿಚಯದ ಅಂಗಡಿಯಿಂದ ಅಸಲಿ ಪ್ರತಿಗಳನ್ನು ಪೂರ್ತಿ ಬೆಲೆಗೆ ಮತ್ತೊಮ್ಮೆ ಕೊಂಡೆ.

ವಾಸ್ಕೋದ ಮೇಷ್ಟ್ರು:
ಮಾಂಗಾ ಮುಗಿಯುತ್ತದೆ ಎಂದು ಇಷ್ಟು ಧೈರ್ಯವಾಗಿ ಹೇಳಬೇಡಿ, ತಂಗಿ. ತಕೆಹಿಕೊ ಇನೊಯೆಯವರ ವ್ಯಾಗಬಾಂಡ್‌ನ 37 ಸಂಪುಟಗಳನ್ನು ನಾನು ಕಾಸು ಕಾಸು ಕೂಡಿಸಿ ಕೊಂಡಿದ್ದೇನೆ. 2015ರಿಂದ ಅದು ನಿಂತಲ್ಲೇ ನಿಂತಿದೆ. ಕಥಾನಾಯಕನಾದ ಖಡ್ಗವೀರ ಮುಸಾಶಿ ಕತ್ತಿಯನ್ನು ಬದಿಗಿಟ್ಟು ಬರಡು ನೆಲದಲ್ಲಿ ಭತ್ತ ಬೆಳೆಯಲು ಹೆಣಗುವ ಅಧ್ಯಾಯಗಳಷ್ಟು ಶಾಂತವಾದ ಚಿತ್ರಗಳನ್ನು ನಾನು ನೋಡಿಲ್ಲ, ಕುಂಚದಲ್ಲಿ ಬರೆದ ಆ ನೀರು, ಆ ಕೆಸರು ಹಾವೇರಿಯ ನಮ್ಮ ಗದ್ದೆಯನ್ನೇ ನೆನಪಿಸಿದವು. ಆದರೆ ಕಥೆ ತಲುಪಬೇಕಾದ ದ್ವಂದ್ವಯುದ್ಧ ಇನ್ನೂ ಬಂದಿಲ್ಲ. ಬರ್ಸರ್ಕ್ ಬರೆಯುತ್ತಿದ್ದ ಕೆಂಟಾರೊ ಮಿಯುರಾ 2021ರ ಮೇ ತಿಂಗಳಲ್ಲಿ 54ನೆಯ ವಯಸ್ಸಿಗೇ ತೀರಿಕೊಂಡರು. 1989ರಿಂದ ಒಬ್ಬರೇ ಹೊತ್ತ ಕಥೆ ಅದು. ಮರುವರ್ಷ ಜೂನಿನಿಂದ ಅವರ ಗೆಳೆಯ ಕೋಜಿ ಮೋರಿಯವರ ಮೇಲ್ವಿಚಾರಣೆಯಲ್ಲಿ ಶಿಷ್ಯರು ಮುಂದುವರಿಸುತ್ತಿದ್ದಾರೆ, ಗೆರೆ ಅಚ್ಚುಕಟ್ಟಾಗಿದೆ, ಆದರೂ ಮಿಯುರಾ ಒಂದು ನೋಟಕ್ಕೆ ಕೊಡುತ್ತಿದ್ದ ಮೌನದ ಪುಟಗಳು ಅಲ್ಲಿಲ್ಲ.

ಗೋವಾದ ಮಳೆಗಾಲದ ಬಗ್ಗೆ ಹೇಳದೆ ಇರಲಾರೆ. ಗೋಡೆಗೆ ತಾಗಿಸಿಟ್ಟ ಕಪಾಟಿನಲ್ಲಿ ಆಗಸ್ಟ್ ಹೊತ್ತಿಗೆ ಬೂಷ್ಟು ಹಿಡಿಯಿತು, ಕಪ್ಪು ರಟ್ಟಿನ ದೊಡ್ಡ ಬರ್ಸರ್ಕ್ ಸಂಪುಟಗಳ ಮೇಲೆ ಬಿಳಿ ಪುಡಿ ಉದುರಿಸಿದ ಹಾಗೆ. ಒದ್ದೆ ಬಟ್ಟೆಯಲ್ಲಿ ಒರೆಸಿದ್ದು ನನ್ನ ದೊಡ್ಡ ತಪ್ಪು. ಕಲೆ ಒಳಗೆ ಇಳಿಯಿತು. ಈಗ ಕಪಾಟನ್ನು ಗೋಡೆಯಿಂದ ನಾಲ್ಕು ಬೆರಳು ಮುಂದಕ್ಕೆ ಎಳೆದಿದ್ದೇನೆ, ಪುಸ್ತಕಗಳನ್ನು ಬಿಗಿಯಾಗಿ ತುರುಕುವುದಿಲ್ಲ, ಪ್ರತಿ ಅಂಕಣಕ್ಕೆ ಸಿಲಿಕಾ ಜೆಲ್ ಪೊಟ್ಟಣಗಳನ್ನಿಟ್ಟು ಹದಿನೈದು ದಿನಕ್ಕೊಮ್ಮೆ ಬದಲಿಸುತ್ತೇನೆ, ಬೂಷ್ಟು ಕಂಡರೆ ಒಣ ಕುಂಚದಿಂದ ಮನೆಯ ಹೊರಗೆ ಉದುರಿಸುತ್ತೇನೆ. ತೇವ ತೆಗೆಯುವ ಯಂತ್ರಕ್ಕೆ 13,500 ಹೋಯಿತು. ಹೆಂಡತಿ ಅದರಲ್ಲಿ ಬಟ್ಟೆಯನ್ನೂ ಒಣಗಿಸುತ್ತಾಳೆ.

ಹಾಗಾಗಿ ನಾನು ಈಗ ಮುಗಿದ ಕಥೆಗಳನ್ನಷ್ಟೇ ಕೊಳ್ಳುತ್ತೇನೆ. ನವೋಕಿ ಉರಸಾವಾ ಅವರ ಮಾನ್‌ಸ್ಟರ್ ದೊಡ್ಡ ಅಳತೆಯ ಆವೃತ್ತಿಯಲ್ಲಿ 9 ಸಂಪುಟಗಳು, ರ‍್ಯೋಕೊ ಕುಯಿ ಅವರ ಡೆಲಿಷಿಯಸ್ ಇನ್ ಡಂಜನ್ 14 ಸಂಪುಟಗಳು. ಎರಡನೆಯದರಲ್ಲಿ ರಾಕ್ಷಸ ಪ್ರಾಣಿಗಳನ್ನು ಕೊಂದು ಅಡುಗೆ ಮಾಡಿ ತಿನ್ನುತ್ತಾರೆ. ಮೊದಲು ತಮಾಷೆ ಎನಿಸುತ್ತದೆ, ಹತ್ತನೆಯ ಸಂಪುಟದ ಹೊತ್ತಿಗೆ ತಿನ್ನುವುದು ಮತ್ತು ಬದುಕುವುದು ಒಂದೇ ಪ್ರಶ್ನೆಯಾಗಿ ನಿಲ್ಲುತ್ತದೆ.

ಕಲೀನಾದ ಹಳೆಯ ಓದುಗ:
ಮೇಷ್ಟ್ರಿಗೆ ವಂದನೆಗಳು, ನನ್ನ ಮಾತನ್ನು ನೀವೇ ಹೇಳಿದಿರಿ. ಕೋಥ್ರೂಡಿನವರು ಒಪ್ಪಿಕೊಳ್ಳಲಿ: ಲೇಖಕ ದಣಿದರೆ ಮಾಂಗಾ ನಿಲ್ಲುತ್ತದೆ, ನಮ್ಮ ನಾಯಕರು ನಿಲ್ಲುವುದಿಲ್ಲ. ಮತ್ತೆ ಮತ್ತೆ ಆರಂಭಿಸುವುದೇ ತಪ್ಪು ಎನ್ನುವುದಾದರೆ ಭಾರತದ ಕಥೆಯನ್ನು ಪಂಪ ಬರೆದ ಮೇಲೆ ಕುಮಾರವ್ಯಾಸ ಬರೆಯಬಾರದಿತ್ತೇ? ಜೊನಾಥನ್ ಹಿಕ್‌ಮನ್ 2024ರ ಜನವರಿಯಲ್ಲಿ ಆರಂಭಿಸಿದ ಅಲ್ಟಿಮೇಟ್ ಸ್ಪೈಡರ್‌ಮ್ಯಾನ್‌ನಲ್ಲಿ ಪೀಟರ್ ಪಾರ್ಕರ್ ಮದುವೆಯಾಗಿ ಎರಡು ಮಕ್ಕಳಾದ ಮೇಲೆ ಜೇಡನ ಶಕ್ತಿ ಪಡೆಯುತ್ತಾನೆ, ಬೆನ್ ಚಿಕ್ಕಪ್ಪ ಬದುಕಿದ್ದಾರೆ. ಮಗಳಿಗೆ ಗುಟ್ಟು ತಿಳಿಯುವ ಪುಟವನ್ನು ನಾನು ಮೂರು ಸಲ ಓದಿದೆ. 1962ರಲ್ಲಿ ಮೊದಲು ಬಂದ ಸ್ಪೈಡರ್‌ಮ್ಯಾನ್ ಹುಡುಗನನ್ನು ಬಲ್ಲವರಿಗೆ ಮಾತ್ರ ಅದರ ತೂಕ ಗೊತ್ತಾಗುತ್ತದೆ.

ಕೋಥ್ರೂಡಿನಿಂದ:
ಕುಮಾರವ್ಯಾಸನನ್ನು ವ್ಯಾಪಾರಿ ಸಂಸ್ಥೆಯ ಹಕ್ಕುಸ್ವಾಮ್ಯದ ಜೊತೆಗೆ ಹೋಲಿಸಿದ್ದು ನನಗೆ ಸರಿ ಕಾಣಲಿಲ್ಲ. ಗದುಗಿನ ಕವಿಗೆ ಯಾರೂ ತಿಂಗಳಿಗೊಂದು ಸಂಚಿಕೆ ಕೊಡೆಂದು ಹೇಳಿರಲಿಲ್ಲ. ಮತ್ತು ಮೇಷ್ಟ್ರೇ, ಒಂಬತ್ತನೆಯ ತರಗತಿಯ ಹುಡುಗಿಯ ಅಪ್ಪ ಕೇಳಿದ ಪ್ರಶ್ನೆಗೆ ನೀವು ಬರ್ಸರ್ಕ್ ಎತ್ತಿದ್ದು ಹೇಗೆ? ಅದರ ಹೊದಿಕೆಯ ಮೇಲೇ ದೊಡ್ಡವರಿಗೆ ಮಾತ್ರ ಎಂಬ ಎಚ್ಚರಿಕೆ ಇದೆ.

ವಾಸ್ಕೋದ ಮೇಷ್ಟ್ರು:
ಕೊಳ್ಳಿ ಎಂದು ನಾನು ಎಲ್ಲಿ ಬರೆದೆ? ನನ್ನ ನಷ್ಟವನ್ನು ಹೇಳಿದೆ. ನೀವು ಮೋಸಹೋದೆನೆಂದ ಚೈನ್‌ಸಾ ಮ್ಯಾನ್ ಏನು ಪುಟ್ಟ ಮಕ್ಕಳ ಪುಸ್ತಕವೇ? ಇಪ್ಪತ್ತಾರು ವರ್ಷ ಪಾಠ ಮಾಡಿದ್ದೇನೆ, ಯಾವ ವಯಸ್ಸಿಗೆ ಯಾವುದು ಎಂಬುದನ್ನು ದಯವಿಟ್ಟು ನನಗೆ ಕಲಿಸಬೇಡಿ.

ಮುಲುಂಡಿನ ಅಜ್ಜಿ:
ಇಬ್ಬರೂ ಸಮಾಧಾನ ಮಾಡಿಕೊಳ್ಳಿ. ನಾನು ಎಪ್ಪತ್ತೊಂದರ ಹೆಂಗಸು, ಮೊಮ್ಮಗನ ದೆಸೆಯಿಂದ ಇವನ್ನು ಓದಲು ಕಲಿತೆ. ಬಲದಿಂದ ಎಡಕ್ಕೆ ಓದುವುದು ರೂಢಿಯಾಗಲು ನನಗೆ ಮೂರು ವಾರ ಹಿಡಿಯಿತು. ಮೊದಲ ಪುಸ್ತಕದಲ್ಲಿ ಉತ್ತರವನ್ನು ಓದಿ ಆಮೇಲೆ ಪ್ರಶ್ನೆಯನ್ನು ಓದುತ್ತಿದ್ದೆ. ಕನ್ನಡಕಕ್ಕೆ 6,200 ಆಯಿತು, ಏಕೆಂದರೆ ಮಾಂಗಾದ ಚಿಕ್ಕ ಅಳತೆಯಲ್ಲಿ ಅಕ್ಷರ ಬಹಳ ಸಣ್ಣದು. ಈಚೆಗೆ ಅಮೆರಿಕದವರು 9.99 ಡಾಲರ್ ಬೆಲೆಯಲ್ಲಿ ಹಳೆಯ ಸೂಪರ್‌ಹೀರೋ ಕಥೆಗಳನ್ನೂ ಅದೇ ಚಿಕ್ಕ ಅಳತೆಗೆ ಇಳಿಸಿ ತರುತ್ತಿದ್ದಾರೆ. ವಾಚ್‌ಮೆನ್‌ನಂತಹ ಒಂದೊಂದು ಪುಟಕ್ಕೆ ಒಂಬತ್ತು ಚೌಕವಿರುವ ಪುಸ್ತಕವನ್ನು ಹಾಗೆ ಕುಗ್ಗಿಸಿದ್ದು ಅನ್ಯಾಯ ಎಂದು ನನ್ನ ಖಚಿತ ಅಭಿಪ್ರಾಯ.

ನನಗೆ ಒಸಾಮು ತೆಜುಕಾ ಅವರ ಬುದ್ಧನ ಎಂಟು ಸಂಪುಟಗಳು ಸಾಕು. ಕಾರ್ಕಳದಲ್ಲಿ ಹುಟ್ಟಿ ಇದೇ ಮುಂಬಯಿಯಲ್ಲಿ ಅಮರ ಚಿತ್ರ ಕಥೆಯನ್ನು 1967ರಲ್ಲಿ ಆರಂಭಿಸಿದ ಅನಂತ ಪೈಗಳ ಪುಸ್ತಕಗಳಲ್ಲಿ ನನ್ನ ಮಕ್ಕಳು ಬುದ್ಧನನ್ನು ಶಾಂತಮೂರ್ತಿಯಾಗಿ ನೋಡಿದ್ದರು. ತೆಜುಕಾ ಅವರ ಸಿದ್ಧಾರ್ಥ ಸಿಟ್ಟಾಗುತ್ತಾನೆ, ಹೆದರುತ್ತಾನೆ, ಸುತ್ತಲಿನವರು ಹಸಿವಿನಲ್ಲಿ ಬೇಯುತ್ತಾರೆ. ಆರಂಭದಲ್ಲೇ ಮೊಲವೊಂದು ಹಸಿದ ಮುದುಕನಿಗಾಗಿ ಬೆಂಕಿಗೆ ಹಾರುವ ಪುಟಗಳಲ್ಲಿ ಮಾತೇ ಇಲ್ಲ. ಅದನ್ನು ನೋಡಿ ನಾನು ಪುಸ್ತಕ ಮುಚ್ಚಿಟ್ಟು ದೇವರ ಮನೆಗೆ ಹೋಗಿ ಕುಳಿತೆ. ಐದನೆಯ ಸಂಪುಟವನ್ನು ಕೊರಿಯರಿನವನು ಗೇಟಿನ ಮೇಲಿಂದ ಎಸೆದು ಹೋದ, ನೀರು ಕುಡಿದು ಅದರ ಬೆನ್ನು ಊದಿದೆ. ಬದಲಿ ಕೊಡಲಿಲ್ಲ.

ಕಲೀನಾದ ಹಳೆಯ ಓದುಗ:
ಅಜ್ಜಿಯವರೇ, ಊದಿದ ಪುಸ್ತಕವನ್ನು ಹಾಳೆಗಳ ನಡುವೆ ಬಿಳಿ ಕಾಗದವಿಟ್ಟು ಭಾರದ ಕೆಳಗೆ ಒಂದು ತಿಂಗಳು ಇಡಿ. ಬಿಸಿಲಿಗೆ ಮಾತ್ರ ಇಡಬೇಡಿ, ಸೆಡೆತುಕೊಳ್ಳುತ್ತದೆ. ಕೋಥ್ರೂಡಿನವರು ಇನ್ನೂ ಒಪ್ಪಿಲ್ಲ ಎಂಬುದನ್ನು ಗಮನಿಸಿದ್ದೇನೆ.

ಕೋಥ್ರೂಡಿನಿಂದ:
ಒಪ್ಪುವುದೂ ಇಲ್ಲ. ಆಬ್ಸಲ್ಯೂಟ್ ವಂಡರ್ ವುಮನ್‌ನ ಮೊದಲ ಸಂಪುಟವನ್ನು ಗೆಳತಿಯಿಂದ ತಂದು ಓದಿದ್ದೇನೆ: ನರಕದಲ್ಲಿ ಸರ್ಸಿ ಎಂಬ ಮಾಟಗಾತಿ ಸಾಕಿದ ಮಗು, ಚಿತ್ರ ಬರೆದ ಹೇಡನ್ ಶೆರ್ಮನ್ ಪುಟಗಳನ್ನು ಹಂಚಿದ ರೀತಿ ಬೆರಗು ಹುಟ್ಟಿಸುತ್ತದೆ. ಚೆನ್ನಾಗಿದೆ ಎಂದು ಮನಸಾರೆ ಹೇಳುತ್ತೇನೆ. ಆದರೆ ಅದು ಎಲ್ಲಿ ಮುಗಿಯುತ್ತದೆ ಎಂದು ಹೇಳಬಲ್ಲಿರಾ?

ಡೊಂಬಿವಲಿಯ ಅಪ್ಪ:
ಎಲ್ಲರಿಗೂ ಧನ್ಯವಾದಗಳು. ಭಾನುವಾರ ಮಗಳನ್ನು ಕರೆದುಕೊಂಡು ಹೋಗಿ ಫ್ರೀರೆನ್ ಎಂಬ ಮಾಂಗಾದ ಮೊದಲ ನಾಲ್ಕು ಸಂಪುಟಗಳನ್ನೂ ಆಬ್ಸಲ್ಯೂಟ್ ಬ್ಯಾಟ್‌ಮ್ಯಾನ್‌ನ ಮೊದಲ ಸಂಪುಟವನ್ನೂ ತಂದೆ. ಉಳಿದ ದುಡ್ಡನ್ನು ಕೈಯಲ್ಲೇ ಇಟ್ಟುಕೊಂಡಿದ್ದೇನೆ. ಫ್ರೀರೆನ್ ಸಾವಿರ ವರ್ಷ ಬದುಕುವವಳು, ಹತ್ತು ವರ್ಷ ಜೊತೆಗಿದ್ದ ವೀರನ ಹೆಣದ ಮುಂದೆ ನಿಂತು ಇವನನ್ನು ತಿಳಿದುಕೊಳ್ಳಲು ನಾನು ಯಾಕೆ ಪ್ರಯತ್ನಿಸಲಿಲ್ಲ ಎಂದು ಅಳುತ್ತಾಳೆ. ಸ್ಲೋ ಲೋಕಲ್ ರೈಲಿನಲ್ಲಿ ಮಗಳು ಓದಿ ಕೊಟ್ಟದ್ದನ್ನು ನಾನು ಓದಿ, ಠಾಣೆ ಬರುವ ಹೊತ್ತಿಗೆ ಇಬ್ಬರೂ ಕಿಟಕಿಯ ಹೊರಗೆ ನೋಡುತ್ತಿದ್ದೆವು. ಕಪಾಟನ್ನು ಮೇಷ್ಟ್ರು ಹೇಳಿದಂತೆ ನಾಲ್ಕು ಬೆರಳು ಮುಂದಕ್ಕೆ ಎಳೆದಿದ್ದೇನೆ.

ಮುಲುಂಡಿನ ಅಜ್ಜಿ:
ಫ್ರೀರೆನ್‌ನ ಐದನೆಯ ಸಂಪುಟ ನಮ್ಮಲ್ಲಿ ಎರಡಿವೆ, ಮೊಮ್ಮಗನೂ ನಾನೂ ಒಬ್ಬರಿಗೊಬ್ಬರು ಹೇಳದೆ ತಂದದ್ದು. ಶನಿವಾರ ಮಾಟುಂಗದ ಮೈಸೂರು ಅಸೋಸಿಯೇಷನ್ನಿಗೆ ಬರುವವಳಿದ್ದೇನೆ, ಬಂದರೆ ಒಂದನ್ನು ಕೊಡುತ್ತೇನೆ. ದುಡ್ಡು ಬೇಡ.

ಕಲೀನಾದ ಹಳೆಯ ಓದುಗ:
ನಾನೂ ಬರುತ್ತೇನೆ. ಬ್ಯಾಟ್‌ಮ್ಯಾನ್ ಬಗ್ಗೆ ನಿಮ್ಮ ಅಭಿಪ್ರಾಯವನ್ನು ನೀವು ಇನ್ನೂ ಬರೆದಿಲ್ಲ.